ಬೀರುವಿನಲ್ಲಿ ಗೊದ್ದದ ರಾಣಿ

12 ಜುಲೈ 2025, ಶನಿವಾರ ರಾತ್ರಿ, ಮೈಸೂರು

ಇಸ್ತ್ರಿಯಾದ ಸೀರೆಗಳನ್ನು ಜೋಡಿಸಿಡಲು ಹೋದ ಚಿಕ್ಕಮ್ಮನ ಕೈಗೆ ಇವತ್ತು ಗಾಜಿನ ನಳಿಕೆ ಸಿಕ್ಕಿಬಿಟ್ಟಿತು. ತಳದಲ್ಲಿ ನೀರು, ನೀರನ್ನು ತಡೆದು ನಿಲ್ಲಿಸುವ ಹತ್ತಿ, ಅದರ ಈಚೆ ನಮ್ಮ ಗೊದ್ದದ (ದೊಡ್ಡ ಕಪ್ಪಿರುವೆಯ) ರಾಣಿ, ಬಾಯಿಗೆ ಇನ್ನೊಂದು ಹತ್ತಿಯ ಉಂಡೆ. ಮೇ ತಿಂಗಳ ಮಳೆ ನಿಂತ ಸಂಜೆ ಗೇಟಿನ ಬಳಿ ರೆಕ್ಕೆ ಕಳಚಿಕೊಂಡು ದಿಕ್ಕು ಹುಡುಕುತ್ತಿದ್ದವಳು ಇವಳು. ಅಡುಗೆಮನೆಯ ಶೆಲ್ಫಿನಲ್ಲಿಟ್ಟರೆ ಮಿಕ್ಸಿ ತಿರುಗಿದಾಗಲೆಲ್ಲ ಕಂಪನ; ಗಾಬರಿಗೊಂಡ ರಾಣಿ ತಾನಿಟ್ಟ ಮೊಟ್ಟೆಗಳನ್ನೇ ತಿಂದುಬಿಡುವುದುಂಟು. ಹಾಗಾಗಿ ಕತ್ತಲೂ ನಿಶ್ಶಬ್ದವೂ ಇರುವ ಬೀರುವೇ ವಾಸಿ ಎಂದು ಅಲ್ಲಿಟ್ಟಿದ್ದೆ.

"ಇರುವೆಗೆ ಸಕ್ಕರೆ ಹಾಕುವುದು ಕೇಳಿದ್ದೇನೆ, ಬೀಗ ಹಾಕುವುದನ್ನು ಇವತ್ತೇ ನೋಡಿದ್ದು" ಎಂದರು ಚಿಕ್ಕಮ್ಮ. ಹುಣಸೂರಿನ ಹಿತ್ತಿಲಿನಲ್ಲಿ ಹೊಂಗೆ ಮರದ ಬುಡಕ್ಕೆ ಶನಿವಾರ ತಪ್ಪದೆ ಸಕ್ಕರೆ ಬೆರೆಸಿದ ರವೆ ಹಾಕುವವರು ಅವರು. ಇಂದು ಇಲ್ಲಿದ್ದುದರಿಂದ ಆ ಕೆಲಸವನ್ನು ಫೋನಿನಲ್ಲಿ ಚಿಕ್ಕಪ್ಪನಿಗೆ ಒಪ್ಪಿಸಿದ್ದರು.

ನಾನು ವಾದಕ್ಕೆ ನಿಂತೆ. ಮಳೆಯ ಸಂಜೆ ಹಾರಿದ ರಾಣಿಯರಲ್ಲಿ ಬಹುಪಾಲು ಹಕ್ಕಿಗೋ ಹಲ್ಲಿಗೋ ಬೇರೆ ಇರುವೆಗಳಿಗೋ ಆಹಾರವಾಗುತ್ತವೆ, ಗೂಡು ಕಟ್ಟಿ ಉಳಿಯುವವು ತೀರಾ ಕಡಿಮೆ, ಇವಳು ನಮ್ಮ ಗೇಟಿನಲ್ಲೇ ಯಾವುದೋ ಸ್ಕೂಟರಿನ ಚಕ್ರಕ್ಕೆ ಸಿಗುವವಳಿದ್ದಳು ಎಂದೆ. ಅವರು ನಳಿಕೆಯನ್ನು ದೀಪದ ಕಡೆಗೆ ಎತ್ತಿದರು. ನಾನು ಕೈಯಿಂದ ಮರೆಮಾಡಿ, ಅದರ ಮೇಲೆ ಸುತ್ತಿದ್ದ ಕೆಂಪು ಕಾಗದದ ಮೂಲಕವೇ ನೋಡಿ, ಕೆಂಪು ಬೆಳಕು ಇವಕ್ಕೆ ಅಷ್ಟಾಗಿ ಕಾಣುವುದಿಲ್ಲ ಎಂದೆ. ಆಮೇಲೆ ಸುಮಾರು ಹೊತ್ತು ಇಬ್ಬರೂ ಮಾತಾಡಲಿಲ್ಲ, ಏಕೆಂದರೆ ಒಳಗೆ ಒಂದು ಕೋಶ ಬಿಚ್ಚಿಕೊಳ್ಳುತ್ತಿತ್ತು.

ಜನ ಇರುವೆಯ ಮೊಟ್ಟೆ ಎಂದು ತೋರಿಸುವುದು ಸಾಮಾನ್ಯವಾಗಿ ಈ ಕೋಶಗಳನ್ನೇ. ಮೊಟ್ಟೆ ಇದಕ್ಕಿಂತ ಎಷ್ಟೋ ಸಣ್ಣದು. ಬಿಸ್ಕತ್ತಿನ ಬಣ್ಣದ ರೇಷ್ಮೆಯ ಉದ್ದುದ್ದ ಚೀಲ, ಒಂದು ತುದಿಯಲ್ಲಿ ಮರಿಹುಳು ವಿಸರ್ಜಿಸಿ ಬಿಟ್ಟ ಕಪ್ಪು ಚುಕ್ಕಿ. ರಾಣಿ ಇನ್ನೊಂದು ತುದಿಯನ್ನು ದವಡೆಯಿಂದ ಕಚ್ಚಿ ಕಚ್ಚಿ ಹರಿದಳು. ಈ ವಾರವೇ ಹುಟ್ಟಿದ ಪುಟ್ಟ ಕೆಲಸಗಾರ್ತಿಯೊಂದು ಬಂದು ಸೀಳಿನ ಅಂಚನ್ನು ಹಿಡಿದೆಳೆಯಿತು. ಕಾಲುಗಳನ್ನು ಎದೆಗೆ ಮಡಚಿಕೊಂಡ, ನಸುಹಳದಿ ಬಣ್ಣದ, ಇರುವೆಯೆಂದು ನಂಬಲಾಗದಷ್ಟು ಮೆತ್ತನೆಯ ಜೀವವೊಂದು ಹೊರಬಂತು. ಅದರ ಮೀಸೆಗಳನ್ನು ರಾಣಿ ನೆಕ್ಕಿ ನೆಕ್ಕಿ ಬಿಡಿಸಿದಳು. ನಿನ್ನೆಯವರೆಗೆ ಅವಳು ಒಂದು ತುತ್ತನ್ನೂ ಮುಟ್ಟಿರಲಿಲ್ಲ. ಬೇಡವಾದ ರೆಕ್ಕೆಗಳ ಸ್ನಾಯುಗಳನ್ನು ಮೈಯೊಳಗೇ ಕರಗಿಸಿಕೊಂಡು ಮರಿಗಳಿಗೆ ಉಣಿಸಿದ್ದಾಳೆ. ಮೊದಲ ಸಂತಾನ ಇಷ್ಟು ಕುಳ್ಳಾಗಿರುವುದಕ್ಕೆ ಆ ಬಡತನವೇ ಕಾರಣ. ದೊಡ್ಡ ತಲೆಯ ಗೊದ್ದಗಳು ಹುಟ್ಟಬೇಕಾದರೆ ಸಂಸಾರ ಇನ್ನೂ ಬೆಳೆಯಬೇಕು. ನಿನ್ನೆ ಹಾಕಿದ ಜೇನುನೀರಿನ ಹನಿಯನ್ನು ಆ ಹಿರಿಯ ಕೂಸೇ ಮೊದಲು ಹೀರಿ, ಹೊಟ್ಟೆಯ ಪಟ್ಟೆಗಳು ಬಿಚ್ಚಿಕೊಳ್ಳುವಷ್ಟು ತುಂಬಿಸಿಕೊಂಡು, ಬಾಯಿಗೆ ಬಾಯಿಟ್ಟು ತಾಯಿಗೆ ಕುಡಿಸಿತ್ತು.

"ಬಾಣಂತಿಗೆ ಮಗಳೇ ಆರೈಕೆ ಮಾಡುತ್ತಿದ್ದಾಳೆ" ಎಂದು ಚಿಕ್ಕಮ್ಮ ನಕ್ಕರು. ಆ ನಗುವಿನಲ್ಲೇ, "ಇವಳು ಸತ್ತರೆ?" ಎಂದು ಕೇಳಿದರು.

ಇವಳು ಸತ್ತರೆ ಮುಗಿಯಿತು. ಪಶ್ಚಿಮ ಘಟ್ಟದಲ್ಲಿ ನೆಗೆಯುವ ಇರುವೆಯೊಂದಿದೆ, ಹಾರ್ಪೆಗ್ನಾಥಾಸ್ ಸಾಲ್ಟೇಟರ್; ಅದರ ರಾಣಿ ಸತ್ತರೆ ಕೆಲಸಗಾರ್ತಿಯರು ಮೀಸೆಗಳಿಂದ ಹೊಡೆದಾಡಿ, ಗೆದ್ದವರು ಮೊಟ್ಟೆಯಿಡುವ ಅಧಿಕಾರ ಪಡೆಯುತ್ತಾರೆ. ಗೊದ್ದದಲ್ಲಿ ಹಾಗಿಲ್ಲ. ರಾಣಿಯಿಲ್ಲದ ಕೆಲಸಗಾರ್ತಿಯರು ಮೊಟ್ಟೆಯಿಟ್ಟರೂ ಹುಟ್ಟುವುದು ಗಂಡುಗಳು ಮಾತ್ರ. ಆದರೆ ರಾಣಿಯರು ದೀರ್ಘಾಯುಷಿಗಳು, ಜರ್ಮನಿಯ ಹರ್ಮನ್ ಆಪೆಲ್ ಸಾಕಿದ್ದ ಕಪ್ಪು ತೋಟದಿರುವೆಯ ರಾಣಿ 28 ವರ್ಷಕ್ಕೂ ಹೆಚ್ಚು ಬದುಕಿತ್ತು ಎಂದು ಹೇಳಿದ್ದೇ ತಡ, ಚಿಕ್ಕಮ್ಮ ನನ್ನ ವಯಸ್ಸಿಗೆ 28 ಕೂಡಿಸಿ, ಬಂದ ಮೊತ್ತವನ್ನು ಗಟ್ಟಿಯಾಗಿ ಹೇಳಿದರು. ಗೊದ್ದಕ್ಕೆ ಅಷ್ಟು ಆಯುಷ್ಯವಿರಲಿಕ್ಕಿಲ್ಲ ಎಂದೆ. ಆದರೂ ಆ ಮೊತ್ತ ನನಗೆ ಹಿಡಿಸಲಿಲ್ಲ.

ಅವರ ನಿಜವಾದ ಆಕ್ಷೇಪ ಊಟಕ್ಕೆ ಕುಳಿತಾಗ ಬಂತು. ಸಕ್ಕರೆ ಡಬ್ಬಿಯ ಸುತ್ತ ಅರಿಶಿನದ ಗೆರೆ, ಸಿಂಕಿನ ಪಕ್ಕ ಇರುವೆ ಕೊಲ್ಲುವ ಜೆಲ್, ಸೋಮವಾರ ಇಡೀ ಅಪಾರ್ಟ್‌ಮೆಂಟಿಗೆ ಔಷಧಿ, ಬೀರುವಿನಲ್ಲಿ ಮಾತ್ರ ಒಬ್ಬಳಿಗೆ ರಾಜೋಪಚಾರ. ನನ್ನಲ್ಲಿ ಉತ್ತರವಿರಲಿಲ್ಲ. ರವೆ ಹಾಕಿ ಕೈತೊಳೆದುಕೊಳ್ಳುವವರಿಗೆ ತಾಯಿ ಕೋಶ ಹರಿಯುವುದು ಕಾಣುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳಿದ್ದರೆ, ಕಂಡು ಅವಕ್ಕೇನು ಲಾಭ ಎನ್ನುತ್ತಿದ್ದರು, ಅದೂ ನ್ಯಾಯವೇ.

ಆದರೆ ಸೋಮವಾರದ್ದು ನಿಜವಾದ ಚಿಂತೆ. ಆ ಔಷಧಿಯ ಆವಿಗೆ ಹತ್ತಿಯ ಉಂಡೆ ಯಾವ ತಡೆ? ಚಿಕ್ಕಮ್ಮ ನಾಳೆ ಊರಿಗೆ ಹೊರಡುವವರು, "ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗುತ್ತೇನೆ, ಕೊಡು" ಎಂದಿದ್ದಾರೆ. ಹುಣಸೂರಿಗೆ ಹೋದ ಮೇಲೆ ಹತ್ತಿ ತೆಗೆಯುವುದಿಲ್ಲ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಂಗೆಯ ಬುಡದಲ್ಲಿ ಆಗಲೇ ಬೇರೆ ಗೂಡಿದೆ. ಇಷ್ಟು ಪುಟ್ಟ ಸಂಸಾರವನ್ನು ಅಲ್ಲಿ ಬಿಟ್ಟರೆ ಒಂದು ದಿನವೂ ಉಳಿಯದು, ಅದನ್ನು ಅವರಿಗೆ ಬಿಡಿಸಿ ಹೇಳಬೇಕು. ಕಚೇರಿಯ ಡ್ರಾಯರಿನಲ್ಲಿ ಇಡಬಹುದು, ಆದರೆ ಅಲ್ಲಿ ಏಸಿಯನ್ನು 18ಕ್ಕೆ ಇಡುತ್ತಾರೆ, ಮರಿಗಳಿಗೆ ಬೆಚ್ಚಗಿರಬೇಕು, ಕೆಳಗಿನ ಮನೆಯವರನ್ನು ಕೇಳೋಣವೆಂದರೆ ಅವರಿಗೂ ಅದೇ ದಿನ, ಇನ್ನು ಕಾರಿನಲ್ಲಿ