ಗೆದ್ದಿರುವಾಗ ಎದ್ದು ಹೋದರೆ ತಪ್ಪಾ?

ನಮ್ಮ ಮನೆಯಲ್ಲಿ ಆಗಾಗ ಶನಿವಾರ ರಾತ್ರಿ ಪೋಕರ್ ಆಟ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಹಾಲ್, ಊಟದ ಟೇಬಲ್ ಮೇಲೊಂದು ಹಳೇ ಬೆಡ್‌ಶೀಟು, ಐದಾರು ಜನ. ಚಿಪ್ಸ್ (ದುಡ್ಡಿನ ಬದಲು ಬಾಜಿಗೆ ಇಡುವ ಬಿಲ್ಲೆಗಳು) ಹಂಚೋದು, ಲೆಕ್ಕ ಬರೆಯೋದು ನನ್ನ ಕೆಲಸ. ಹೊಸಬರು ಆಟದ ನಿಯಮಗಳನ್ನು ಯೂಟ್ಯೂಬ್ ನೋಡಿ ಕಲಿತೇ ಬಂದಿರುತ್ತಾರೆ. ಒಂದು ವಿಷಯ ಮಾತ್ರ ಅಲ್ಲಿ ಸಿಕ್ಕಿರುವುದಿಲ್ಲ. ನಾನು ನೀರು ತರೋಕೆ ಅಡುಗೆಮನೆಗೆ ಹೋದಾಗ ಹಿಂದೆಯೇ ಬಂದು ಮೆಲ್ಲಗೆ ಕೇಳುತ್ತಾರೆ: "ನಾನು ಸ್ವಲ್ಪ ಮೇಲಿದ್ದೀನಿ. ಈಗ ಹೊರಟರೆ ಬೇಜಾರು ಮಾಡ್ಕೋತಾರಾ?"

ಹೊರಡಬಹುದು. ಗೆದ್ದ ದುಡ್ಡು ನಿಮ್ಮದು. ಅದನ್ನು ವಾಪಸ್ ಸೋಲುವ ತನಕ ಕೂತಿರಬೇಕು ಅಂತ ಯಾವ ನಿಯಮವೂ ಇಲ್ಲ. ಆದರೆ ಆ ಮಾತು ಆಡುವ ಹೊತ್ತು ಅದಲ್ಲ. ಬಂದು ಕೂರುವಾಗಲೇ "ನಾನು ಹನ್ನೊಂದಕ್ಕೆ ಹೊರಡ್ತೀನಿ" ಅಂದಿದ್ದರೆ, ಹನ್ನೊಂದಕ್ಕೆ ನಿಮ್ಮ ಮುಂದೆ ಚಿಪ್ಸಿನ ಗೋಪುರವೇ ಎದ್ದಿದ್ದರೂ ಯಾರೂ ತುಟಿ ಪಿಟಕ್ ಅನ್ನುವುದಿಲ್ಲ. ದೊಡ್ಡ ಪಾಟ್ (ಒಂದಾಟದಲ್ಲಿ ಎಲ್ಲರೂ ಕಟ್ಟಿದ ಬಾಜಿಯ ರಾಶಿ) ಬಾಚಿಕೊಂಡ ಮೇಲೆ ದಿಢೀರನೆ ಹೊಳೆದ ಕಾರಣಕ್ಕೆ ಮಾತ್ರ ಜನ ಮುಖ ಊದಿಸಿಕೊಳ್ಳೋದು.

ಈ ಗೊಂದಲ ನಮ್ಮವರಿಗೆ ಸ್ವಲ್ಪ ಜಾಸ್ತಿ. ನಾವು ನೋಡಿ ಬೆಳೆದದ್ದು ರಮ್ಮಿ. ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ಜಮಖಾನ ಹಾಸಿಕೊಂಡು ಆಡುವ 101 ನೆನಪಿಸಿಕೊಳ್ಳಿ. ಎಲೆ ನೋಡಿದ ತಕ್ಷಣ ಡ್ರಾಪ್ ಆದರೆ 20, ಕೈಯಲ್ಲಿ ಏನೂ ಸೇರದೆ ಸಿಕ್ಕಿಬಿದ್ದರೆ ಫುಲ್ ಕೌಂಟ್ 80. ಹೀಗೆ ಪಾಯಿಂಟ್ ಏರುತ್ತಾ 101 ಮುಟ್ಟಿದವರು ಔಟ್. ಕೊನೆಗೆ ಉಳಿದವರಿಗೆ ಎಲ್ಲರೂ ಹಾಕಿದ ದುಡ್ಡು. ಅಲ್ಲಿ ಮಧ್ಯದಲ್ಲಿ ಏಳುವ ಹಾಗೇ ಇಲ್ಲ. ತೀರಾ ಅವಸರ ಆದರೆ ಪಕ್ಕದಲ್ಲಿ ಕೂತು ನೋಡುತ್ತಿದ್ದ ಯಾವನಾದರೂ ಹುಡುಗನಿಗೆ "ನನ್ನ ಕೈ ನೀನು ಆಡೋ" ಅಂತ ಎಲೆ ಕೊಟ್ಟು ಏಳುತ್ತಿದ್ದರು. ಇಲ್ಲವೇ ಉಳಿದ ಇಬ್ಬರು ಮೂವರು ಪಾಯಿಂಟ್ ನೋಡಿ, ಒಪ್ಪಿ, ದುಡ್ಡು ಹಂಚಿಕೊಳ್ಳುತ್ತಿದ್ದರು. ಆಟಕ್ಕೆ ತನ್ನದೇ ಒಂದು ಕೊನೆ ಇತ್ತು.

ಪೋಕರ್‌ನಲ್ಲಿ ಆ ಕೊನೆ ಇಲ್ಲ. ಗೊತ್ತಿಲ್ಲದವರಿಗೆ ಎರಡೇ ಮಾತು: ಪ್ರತಿಯೊಬ್ಬರ ಕೈಗೆ ಎರಡು ಎಲೆ, ಟೇಬಲ್ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ, ಈ ಏಳರಲ್ಲಿ ಒಳ್ಳೆಯ ಐದನ್ನು ಹೊಂದಿಸಿದವರು ಗೆದ್ದಂತೆ. ಇಲ್ಲವೇ ಉಳಿದವರೆಲ್ಲ ಹೆದರಿ ಎಲೆ ಬಿಸಾಡುವ ಹಾಗೆ ಬಾಜಿ ಕಟ್ಟಿದವರು. ಒಂದೊಂದು ಆಟವೂ ಅಲ್ಲಿಗಲ್ಲಿಗೇ ಮುಗಿಯುತ್ತದೆ. ಒಂದಾಟ ಆಡಿ ಏಳಬಹುದು, ಬೆಳಗಿನವರೆಗೂ ಆಡಬಹುದು. ಮನೆಗಳಲ್ಲಿ ಆಡುವುದು ಹೆಚ್ಚಾಗಿ ಇದೇ, ಕ್ಯಾಶ್ ಗೇಮ್. ಟೂರ್ನಮೆಂಟ್ ಮಾಡಿದರೆ ಚಿಪ್ಸ್ ಪೂರಾ ಖಾಲಿಯಾಗುವ ತನಕ ಕೂರಲೇಬೇಕು. ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

"ಗೋವಾದಲ್ಲಿ ಯಾರೂ ಕೇಳಲ್ವಲ್ಲ?" ಅನ್ನುವವರಿದ್ದಾರೆ. ನಿಜ, ಕೇಳುವುದಿಲ್ಲ. ಪಣಜಿಯ ಮಾಂಡೋವಿ ನದಿಯ ಹಡಗಿನ ಕ್ಯಾಸಿನೋದಲ್ಲಿ ನೀವು ಎದ್ದರೆ ಆ ಕುರ್ಚಿಗೆ ಇನ್ನೊಬ್ಬರು ಬಂದು ಕೂರುತ್ತಾರೆ. ಅವರ ಜೇಬಿನಿಂದ ಹೊಸ ದುಡ್ಡು ಟೇಬಲ್‌ಗೆ ಬರುತ್ತದೆ. ಪೋಕರ್ ಟೇಬಲ್‌ನಲ್ಲಿ ಕ್ಯಾಸಿನೋದವರು ಪಾಟಿನಿಂದ ಸ್ವಲ್ಪ ಪಾಲು ತೆಗೆದುಕೊಳ್ಳುತ್ತಾರೆ, ಹಾಗಾಗಿ ಆಟ ನಡೆಯುತ್ತಿದ್ದರೆ ಅವರಿಗೆ ಸಾಕು. ಯಾರು ಗೆದ್ದರು, ಯಾರು ಹೋದರು ಅವರಿಗೇನು? ಮನೆಯಲ್ಲಿ ಎದ್ದವರ ಕುರ್ಚಿ ಖಾಲಿಯೇ. ಅಂದಹಾಗೆ ನಾನು ಒಂದು ರೂಪಾಯಿ ಪಾಲೂ ತೆಗೆದುಕೊಳ್ಳುವುದಿಲ್ಲ, ಮನೆ ಆಟದಲ್ಲಿ ಯಾರೂ ತೆಗೆದುಕೊಳ್ಳಬಾರದು. ಆದ್ದರಿಂದ ಆಟ ಎಷ್ಟು ಹೊತ್ತು ನಡೆದರೂ ನನಗೆ ಲಾಭವಿಲ್ಲ, ನನ್ನ ಉತ್ತರವನ್ನು ಧೈರ್ಯವಾಗಿ ನಂಬಬಹುದು.

ಆಪ್‌ನಲ್ಲಿ ಆಡಿ ಕಲಿತವರಿಗೆ ಇದು ಬೇಗ ಅರ್ಥವಾಗುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನೇ ನಿಷೇಧಿಸಿ ಕಾಯ್ದೆ ಮಾಡಿತಲ್ಲ, ಆಮೇಲೆ ನಮ್ಮ ಟೇಬಲ್‌ಗೂ ಅಂಥವರು ಬಂದರು. ಅಲ್ಲಿ ಬಟನ್ ಒತ್ತಿದರೆ ಮುಗಿಯಿತು, ಎದುರಿಗೆ ಇದ್ದವರು ಬರೀ ಒಂದು ಹೆಸರು. ಇಲ್ಲಿ ಎದುರಿಗೆ ಇರೋದು ಸೋಮವಾರ ಲಿಫ್ಟ್‌ನಲ್ಲಿ ಸಿಗುವ ಪಕ್ಕದ ಮನೆಯವರು.

ಲೆಕ್ಕ ಬರೆಯುವವರ ಕಡೆಯಿಂದ ನೋಡಿದರೆ ಸಂಗತಿ ಇನ್ನೂ ಸ್ಪಷ್ಟ. ಆರು ಜನ ತಲಾ 1,000 ರೂಪಾಯಿ ಹಾಕಿ ಕೂತರು ಅಂತಿಟ್ಟುಕೊಳ್ಳಿ. ಮೂವರು ಸೋತು ಇನ್ನೊಂದೊಂದು ಸಾವಿರದ ಚಿಪ್ಸ್ ತೆಗೆದುಕೊಂಡರು. ಟೇಬಲ್ ಮೇಲೆ ಒಟ್ಟು 9,000. ಹತ್ತೂವರೆಗೆ ಒಬ್ಬರ ಮುಂದೆ 4,200 ಇದೆ, ಅವರು 3,200 ಮೇಲಿದ್ದಾರೆ. ಎರಡೆರಡು ಸಾವಿರ ಹಾಕಿದವರಲ್ಲಿ ಇಬ್ಬರ ಮುಂದೆ ಬರೀ 400, 400. ಉಳಿದ ಮೂವರು ಹಾಕಿದಷ್ಟರಲ್ಲೇ ಇದ್ದಾರೆ. ಈಗ ಗೆದ್ದವರು ಎದ್ದು ಹೋದರೆ ಆ ಇಬ್ಬರ 3,200 ಬಾಗಿಲು ದಾಟಿತು. ಅದು ವಾಪಸ್ ಬರಬೇಕಾದರೆ ಒಂದು ರೂಪಾಯಿಯನ್ನೂ ಗೆಲ್ಲದ ಮೂವರ ಜೇಬಿನಿಂದ ಬರಬೇಕು. ಆಟದ ಹುರುಪು ಅಲ್ಲಿಗೆ ಇಳಿಯುತ್ತದೆ. ಇನ್ನರ್ಧ ಗಂಟೆಗೆ ಒಬ್ಬೊಬ್ಬರಾಗಿ ಆಕಳಿಸುತ್ತಾರೆ.

ಇದರ ಜೊತೆಗೆ ಇನ್ನೊಂದು ತಲೆನೋವಿದೆ. ಎಷ್ಟೋ ಮನೆಗಳಲ್ಲಿ ಎರಡನೇ ಸಲ ಚಿಪ್ಸ್ ತೆಗೆದುಕೊಳ್ಳುವಾಗ ಯಾರೂ ದುಡ್ಡು ಕೊಡುವುದಿಲ್ಲ. "ಬರ್ಕೋ, ಆಮೇಲೆ ಕೊಡ್ತೀನಿ." ಮೇಲಿನ ಲೆಕ್ಕದಲ್ಲೇ 3,000 ಬರೀ ನೋಟ್‌ಬುಕ್‌ನಲ್ಲಿದೆ, ಡಬ್ಬಿಯಲ್ಲಿರೋದು 6,000. ಗೆದ್ದವರು 4,200 ಎಣಿಸಿಕೊಂಡು ಹೋದರೆ ಡಬ್ಬಿಯಲ್ಲಿ ಉಳಿಯೋದು 1,800, ಟೇಬಲ್ ಮೇಲೆ ಮಾತ್ರ 4,800ರ ಚಿಪ್ಸು. ಆಮೇಲೆ ರಾತ್ರಿ ಒಂದು ಗಂಟೆಗೆ ಫೋನ್‌ಪೇ, ಗೂಗಲ್‌ಪೇ ಹಿಡಿದುಕೊಂಡು ಯಾರು ಯಾರಿಗೆ ಎಷ್ಟು ಅಂತ ತಲೆ ಕೆರೆದುಕೊಳ್ಳುವುದು ನಾನು. ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ: ಬೇಗ ಹೊರಡುವವರ ಚಿಪ್ಸ್ ಎಣಿಸಿ ಬರೆದುಕೊಳ್ಳುತ್ತೇವೆ, ದುಡ್ಡು ಆಟ ಮುಗಿದ ಮೇಲೆ ಯುಪಿಐನಲ್ಲಿ ಬರುತ್ತದೆ. "ಈಗಲೇ ಕ್ಯಾಶ್ ಬೇಕು" ಅಂತ ನಿಂತವರನ್ನು ಮುಂದಿನ ಸಲ ಕರೆಯುವ ಮುಂಚೆ ನಾನು ಯೋಚನೆ ಮಾಡುತ್ತೇನೆ. ಎದ್ದು ಹೋಗುವುದಕ್ಕಿಂತ ಇದು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ.

ಫೋನ್ ನಾಟಕದ ವಿಷಯ ಹೇಳದಿದ್ದರೆ ಹೇಗೆ? ಫುಲ್ ಹೌಸ್ ಬಂತು, ಅದಕ್ಕಿಂತ ಕೆಳಗಿನ ಎದುರಿನವರ ಫ್ಲಶ್ ಸೋತಿತು, ಚಿಪ್ಸ್ ಎರಡೂ ಕೈಯಲ್ಲಿ ಎಳೆದುಕೊಂಡಾಯಿತು. ಹತ್ತು ಹತ್ತರ ಸಾಲು ಜೋಡಿಸುತ್ತಾ ಇರುವಾಗಲೇ ಫೋನ್ ನೋಡಿ "ಅಯ್ಯೋ, ನಾಳೆ ಬೆಳಗ್ಗೆ ಏರ್‌ಪೋರ್ಟ್‌ಗೆ ಹೋಗ್ಬೇಕು, ಮರ್ತೇಬಿಟ್ಟಿದ್ದೆ!" ಟೇಬಲ್ ಸುತ್ತ ಯಾರೂ ಮಾತಾಡುವುದಿಲ್ಲ. ಒಬ್ಬರು ಸುಮ್ನೆ ಎಲೆ ಕಲಸುತ್ತಾರೆ. ಸೋತವರು ನಗುತ್ತಲೇ "ಯಾವ ಫ್ಲೈಟು ಗುರು?" ಅನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ತಡವರಿಸಿದರೆ ಆ ವಾರವಿಡೀ ವಾಟ್ಸಾಪ್ ಗ್ರೂಪಿನಲ್ಲಿ ವಿಮಾನದ ಸ್ಟಿಕರ್‌ಗಳೇ. ನೆಪ ಹೇಳುವ ಬದಲು "ಗೆದ್ದಿದ್ದೀನಿ, ಖುಷಿಯಾಗಿದೆ, ಹೊರಡ್ತೀನಿ" ಅಂದರೆ ಬೈಯುತ್ತಾರೆ, ಆದರೆ ನಗುತ್ತಾ ಬೈಯುತ್ತಾರೆ.

ಮೊದಲೇ ಹೇಳೋಕೆ ಮರೆತಿದ್ದರೆ? ಆಗ ಒಂದು ಸುತ್ತು ಆಡಿ ಏಳಿ. "ಇದು ನನ್ನ ಕೊನೇ ಸುತ್ತು" ಅಂತ ಗಟ್ಟಿಯಾಗಿ ಹೇಳಿ, ಎಲೆ ಹಾಕುವ ಸರದಿ ಎಲ್ಲರಿಗೂ ಒಮ್ಮೊಮ್ಮೆ ಬರುವ ತನಕ ಕೂರಿ. ಆರು ಜನಕ್ಕೆ ಆರು ಆಟ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಸೋತವರಿಗೆ ಒಂದು ಅವಕಾಶ ಕೊಟ್ಟ ಹಾಗಾಯಿತು. ಬಿಗ್ ಬ್ಲೈಂಡ್ (ಎಲೆ ನೋಡುವ ಮುಂಚೆಯೇ ಸರದಿಯಂತೆ ಕಟ್ಟಲೇಬೇಕಾದ ಬಾಜಿ) ಕಟ್ಟುವ ಸರದಿ ನಿಮಗೆ ಬರುವ ಮುಂಚೆ ಎದ್ದರೆ ಜಿಪುಣತನ ಅಂತ ಕೆಲವರು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಿಂದಿನ ಸುತ್ತಿನದು ಕಟ್ಟಿದ್ದಾಗಿದೆ, ಸುತ್ತು ಪೂರ್ತಿಯಾಗಿದೆ, ಏಳೋಕೆ ಸರಿಯಾದ ಜಾಗವೇ ಅದು.

ಆ ಕೊನೇ ಸುತ್ತಿನಲ್ಲಿ ಮಾತ್ರ ನಿಜವಾಗಿ ಆಡಬೇಕು. ಕೆಲವರು ಮೇಲಾದ ತಕ್ಷಣ ಏಳುವುದಿಲ್ಲ, ಮರ್ಯಾದೆಗೆ ಅಂತ ಕೂತಿರುತ್ತಾರೆ. ಆದರೆ ಬಂದ ಎಲೆಯನ್ನೆಲ್ಲ ನೋಡಿದ ಹಾಗೆ ಮಾಡಿ ಬಿಸಾಡುತ್ತಾರೆ. ಫೋಲ್ಡ್, ಫೋಲ್ಡ್, ಫೋಲ್ಡ್. ಒಂದು ಗಂಟೆ ಇದೇ. ಎದ್ದು ಹೋಗಿದ್ದರೆ ಆ ಗಂಟೆ ಅವರ ನಿದ್ದೆಗಾದರೂ ಆಗುತ್ತಿತ್ತು!

ಇದಕ್ಕಿಂತಲೂ ನಾಜೂಕಿನ ಒಂದು ದಾರಿ ನಮ್ಮವರು ಕಂಡುಕೊಂಡಿದ್ದಾರೆ. "ನನ್ನ ಅಸಲು ತೆಗೆದಿಟ್ಟೆ, ಇನ್ನು ಲಾಭದಲ್ಲಿ ಆಡ್ತೀನಿ" ಅಂತ ಸಾವಿರದ ಚಿಪ್ಸ್ ಜೇಬಿಗೆ ಹಾಕೋದು. ವ್ಯಾಪಾರದಲ್ಲಿ ಇದು ಬುದ್ಧಿವಂತಿಕೆ, ಪೋಕರ್‌ನಲ್ಲಿ ನಡೆಯುವುದಿಲ್ಲ. ನಿಮ್ಮ ಮುಂದೆ ಎಷ್ಟಿದೆಯೋ ಅಷ್ಟನ್ನೇ ನಾನು ನಿಮ್ಮಿಂದ ಗೆಲ್ಲಬಲ್ಲೆ. ನೀವು ನನ್ನಿಂದ ಗೆದ್ದದ್ದನ್ನು ಬಚ್ಚಿಟ್ಟು ಚಿಕ್ಕ ರಾಶಿ ಇಟ್ಟುಕೊಂಡು ಕೂತರೆ ನಾನು ಅದನ್ನು ವಾಪಸ್ ಗೆಲ್ಲುವ ದಾರಿಯನ್ನೇ ಮುಚ್ಚಿದ ಹಾಗೆ. ಟೇಬಲ್ ಮೇಲೆ ಬಂದ ಚಿಪ್ಸ್ ನೀವು ಏಳುವ ತನಕ ಟೇಬಲ್ ಮೇಲೆಯೇ ಇರಬೇಕು. 4,200 ಎಣಿಸಿಕೊಂಡು ಹೋದವರು ಅರ್ಧ ಗಂಟೆ ಬಿಟ್ಟು "ನಿದ್ದೆ ಬರ್ಲಿಲ್ಲ" ಅಂತ ಬಂದರೆ ಅದೇ 4,200 ಇಟ್ಟು ಕೂರಬೇಕು, ಹೊಸ ಸಾವಿರ ಇಟ್ಟಲ್ಲ. ಕ್ಯಾಸಿನೋಗಳಲ್ಲಿ ಇದಕ್ಕೆ ನಿಯಮವೇ ಇದೆ, ಆಪ್‌ಗಳಲ್ಲೂ ಇತ್ತು. ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಹಾಗಾದರೆ ಹಬ್ಬದ ಆಟಗಳಲ್ಲಿ ಈ ಬೇಜಾರು ಯಾಕೆ ಇಲ್ಲ? ಯುಗಾದಿಗೆ ಹಳೇ ಮೈಸೂರಿನ ಊರುಗಳಲ್ಲಿ ಅಂದರ್ ಬಾಹರ್ ಆಡುವಾಗ, ಮೂರೆಲೆ ಆಡುವಾಗ ಗೆದ್ದವರು ಎದ್ದರೆ "ಅದೃಷ್ಟವಂತ" ಅಂತ ಬಿಟ್ಟುಬಿಡುತ್ತಾರೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಗೆ ಜಾಣ್ಮೆ ಬೇಕು, ಮೂರೆಲೆ ಪೂರಾ ಅದೃಷ್ಟದ್ದು ಅಂತ ಬೇರೆ ಮಾಡಿ ಹೇಳಿತ್ತು. ಅದೃಷ್ಟ ಅಂದಮೇಲೆ ಸೋತವರಿಗೆ ಅವಮಾನವಿಲ್ಲ. ಪೋಕರ್‌ನಲ್ಲಿ ಹಾಗಲ್ಲ. ಸೋತವರು ಒಳಗೊಳಗೇ "ಇವನಿಗಿಂತ ನಾನೇ ಚೆನ್ನಾಗಿ ಆಡ್ತೀನಿ, ಇವತ್ತು ಎಲೆ ಬರ್ಲಿಲ್ಲ ಅಷ್ಟೇ" ಅಂದುಕೊಂಡಿರುತ್ತಾರೆ. ನೀವು ಎದ್ದರೆ ಅದನ್ನು ತೋರಿಸುವ ಅವಕಾಶ ಹೋಯಿತು. ನೂರಿನ್ನೂರು ರೂಪಾಯಿಗೆ ಯಾರೂ ಅಷ್ಟು ಮುಖ ಊದಿಸುವುದಿಲ್ಲ, ಉರಿಯುವುದು ಇದಕ್ಕೆ.

ಹಾಗಂತ ಎಲ್ಲ ಭಾರವನ್ನೂ ಗೆದ್ದವರ ಮೇಲೆ ಹಾಕಲಾರೆ. "ಇನ್ನೊಂದೇ ಒಂದು ಮಗಾ" ಅಂತ ರಾತ್ರಿ ಎರಡು ಗಂಟೆಗೆ ಕೈ ಹಿಡಿದು ಎಳೆಯುವವರದ್ದೇ ನನಗೆ ಹೆಚ್ಚು ಕಾಟ. ನೀವಿದ್ದರೆ ವಾಪಸ್ ಗೆಲ್ಲುತ್ತಿದ್ದೆ ಅನ್ನುತ್ತಾರೆ. ಇನ್ನೂ ಸೋಲಬಹುದಿತ್ತು ಅನ್ನೋದು ತಲೆಗೆ ಹೋಗುವುದಿಲ್ಲ. ಕಲಸಿದ ಎಲೆಗೆ ಹಿಂದಿನ ಆಟ ನೆನಪಿರುವುದಿಲ್ಲ. ಗೆದ್ದವರಿಗೂ ಇದೇ ಮಾತು. ಗೆದ್ದಾಗಲೇ ಎದ್ದರೆ ವರ್ಷದ ಲೆಕ್ಕದಲ್ಲಿ ಹೆಚ್ಚು ಉಳಿಯುತ್ತದೆ ಅನ್ನುವುದು ಭ್ರಮೆ. ಮುಂದಿನ ವಾರ ಬಂದು ಕೂತರೆ ಅದೇ ಆಟ ನಿಂತಲ್ಲಿಂದ ಮುಂದುವರಿಯುತ್ತದೆ. ಏಳಲು ಒಳ್ಳೆಯ ಕಾರಣ ನಿದ್ದೆ. ತೂಕಡಿಸುತ್ತಾ ಆಡಿದವರ ದುಡ್ಡು ಎಚ್ಚರವಾಗಿ ಇರುವವರಿಗೇ.

ಮನೆಯವರು ಒಂದು ಕೆಲಸ ಮಾಡಿದರೆ ಮುಕ್ಕಾಲು ಜಗಳ ಕಡಿಮೆ ಆಗುತ್ತದೆ: ಮೊದಲ ಎಲೆ ಹಾಕುವ ಮುಂಚೆಯೇ ಮುಗಿಸುವ ಹೊತ್ತು ಹೇಳಬೇಕು. ನಮ್ಮಲ್ಲಿ ಹನ್ನೆರಡೂವರೆ. ಹನ್ನೆರಡಕ್ಕೆ ಕೊನೇ ಸುತ್ತುಗಳ ಕೂಗು. ಆಗ ಸೋತವರೂ ಲೆಕ್ಕ ಹಾಕಿಕೊಂಡು ಆಡುತ್ತಾರೆ, ಗೆದ್ದವರೂ ನೆಪ ಹುಡುಕುವುದಿಲ್ಲ. ಪುಟ್ಟ ಮಗು ಇರುವವರು, ಕೊನೇ ಮೆಟ್ರೋ ಹಿಡಿಯಬೇಕಾದವರು ಹತ್ತಕ್ಕೇ ಹೊರಡುತ್ತಾರೆ, ಅವರನ್ನು ಯಾರೂ ಏನೂ ಅನ್ನಬಾರದು. ಅಂದರೆ ನಾನು ಅನ್ನುತ್ತೇನೆ.

ಇದರ ಬಾಲದಂತೆ ಬರುವ ಇನ್ನೊಂದು ಪ್ರಶ್ನೆ: ಗೆದ್ದು ಬೇಗ ಹೊರಡುವವರು ಬಿರಿಯಾನಿ ದುಡ್ಡು ಕೊಟ್ಟು ಹೋಗಬೇಕಾ? ಎಷ್ಟೋ ಗುಂಪುಗಳಲ್ಲಿ ಇದು ರೂಢಿ. ನನಗೆ ಇಷ್ಟವಿಲ್ಲ. ಗೆದ್ದದ್ದಕ್ಕೆ ದಂಡ ಕಟ್ಟಿದ ಹಾಗೆ. ಜೊತೆಗೆ, ಕಟ್ಟಿದೆನಲ್ಲ ಇನ್ನೇನು ಅಂತ ಎಂಟೂವರೆಗೇ ಎದ್ದು ಹೋಗುವ ಧೈರ್ಯವೂ ಬಂದುಬಿಡುತ್ತದೆ. ಊಟದ ದುಡ್ಡು ಎಲ್ಲರೂ ಕೂರುವ ಮುಂಚೆಯೇ ಸಮವಾಗಿ ಹಾಕೋದು ಒಳ್ಳೆಯದು. ಊಟ ಬರುವ ಮುಂಚೆ ಹೊರಟವರಿಗೆ ಅವರ ಪಾಲನ್ನು ಬೆಳಗ್ಗೆ ಸ್ಟೀಲ್ ಡಬ್ಬಿಗೆ ಹಾಕಿ ತಲುಪಿಸುತ್ತೇನೆ. ಡಬ್ಬಿ ವಾಪಸ್ ಕೊಡದವರ ಹೆಸರೂ ಅದೇ ನೋಟ್‌ಬುಕ್‌ನಲ್ಲಿದೆ.