ಓದಿದ್ದೀಯಾ?

ಬೋಲ್ನಿಸಿಯ ಆ ಮುದುಕಿ ಕೇಳಿದ ಪ್ರಶ್ನೆ ನಾಲ್ಕು ದಿನಗಳಿಂದ ನನ್ನ ಬೆನ್ನು ಬಿಟ್ಟಿಲ್ಲ.

ತ್ಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿರುವ ಅಕ್ಕನ ಮಗಳು ಭಾನುವಾರದ ನಿದ್ದೆ ಬಿಟ್ಟು ನನ್ನೊಂದಿಗೆ ಬರಬೇಕಾಯಿತಲ್ಲ ಎಂದು ಮುಖ ಊದಿಸಿಕೊಂಡೇ ವ್ಯಾನ್ ಹತ್ತಿದ್ದಳು. ಜಾರ್ಜಿಯಾದ ಚರ್ಚ್ ಎಂದರೆ ಬೆಟ್ಟದ ತುದಿ, ಚೂಪು ಗೋಪುರ ಎಂದುಕೊಂಡಿದ್ದ ನನಗೆ ಬೋಲ್ನಿಸಿಯ ಸಿಯೋನಿ ಚರ್ಚ್ ಮೊದಲ ನೋಟಕ್ಕೆ ಕಣಜದಂತೆ ಕಂಡಿತು. ಗುಮ್ಮಟವೇ ಇಲ್ಲ. ಹಸಿರು ಛಾಯೆಯ ದೊಡ್ಡ ದೊಡ್ಡ ಕಲ್ಲುಗಳ ಉದ್ದನೆಯ ಕಟ್ಟಡ. ಪಕ್ಕದ ಗಂಟೆಗೋಪುರ ತೀರಾ ಈಚಿನದು, 17ನೇ ಶತಮಾನದ್ದು! ಒಳಗೆ ದಪ್ಪ ಕಂಬಗಳು, ಕುದುರೆ ಲಾಳದಂತೆ ಬಾಗಿದ ಕಮಾನುಗಳು, ಸಣ್ಣ ಕಿಟಕಿಗಳಿಂದ ಜಿನುಗುವಷ್ಟೇ ಬೆಳಕು. ಒಂದೆಡೆ ಕಲ್ಲಿನಲ್ಲಿ ಗೂಳಿಯ ತಲೆ, ಕೊಂಬುಗಳ ನಡುವೆ ಶಿಲುಬೆ. ನಂದಿಯನ್ನು ನೋಡಿ ಬೆಳೆದ ಕೈ ತಾನಾಗಿಯೇ ಎದೆಗೆ ಬಂತು.

ಮೇಣದಬತ್ತಿ ಮಾರುವ ಮುದುಕಿ ನನ್ನ ತಲೆಗೆ ವಸ್ತ್ರ ಕಟ್ಟುತ್ತಾ ಶಾಸನದ ಕಡೆ ಕೈ ತೋರಿಸಿದಳು. ಜಾರ್ಜಿಯನ್ ಭಾಷೆಯ ಅತಿ ಹಳೆಯ ಶಾಸನಗಳಲ್ಲಿ ಒಂದು. ಗುಂಡು ಗುಂಡು ಅಕ್ಷರಗಳು. ದೂರದಿಂದ ನಮ್ಮವೇ ಅನ್ನಿಸಿ, ಹತ್ತಿರ ಹೋದರೆ ಕೈ ಕೊಡುತ್ತವೆ. ನನಗೆ ಸುಮ್ಮನಿರಲಾಗಲಿಲ್ಲ. "ನಮ್ಮ ಭಾಷೆಗೂ ಐದನೆಯ ಶತಮಾನದ ಶಾಸನವಿದೆ, ಇದಕ್ಕಿಂತ ಸ್ವಲ್ಪ ಹಳೆಯದೇ ಎಂದು ಹೇಳೇ" ಎಂದೆ. ಹುಡುಗಿ ಕಣ್ಣು ಮೇಲೆತ್ತಿ ಹೇಗೋ ಹೇಳಿದಳು.

ಮುದುಕಿ ಗಂಟು ಬಿಗಿದು ಕೇಳಿದಳು: "ಓದಿದ್ದೀಯಾ?"

ನಾನು ತಲೆಯಾಡಿಸಿಬಿಟ್ಟೆ. ಸುಳ್ಳು, ಅದೂ ದೇವರ ಮನೆಯಲ್ಲಿ.

"ಏನಿದೆ ಅದರಲ್ಲಿ?"

ಹಲ್ಮಿಡಿ ಎಂದರೆ ನನಗೆ ಒಂದು ಅಂಕದ ಪ್ರಶ್ನೆ. ಕ್ರಿ.ಶ. 450, ಮುಗಿಯಿತು. ಹಾಸನದವಳು ನಾನು, ಬೇಲೂರಿಗೆ ನೆಂಟರನ್ನು ಕರೆದುಕೊಂಡು ಹೋದದ್ದಕ್ಕೆ ಲೆಕ್ಕವಿಲ್ಲ, ಅದೇ ತಾಲ್ಲೂಕಿನ ಹಲ್ಮಿಡಿಗೆ ಒಮ್ಮೆಯೂ ತಿರುಗಿಲ್ಲ. ಕನ್ನಡದ ಹಳಮೆಯ ಬಗ್ಗೆ ಜಗಳಕ್ಕೆ ಬಾ ಎಂದರೆ ಮಾತ್ರ ಈಗಲೂ ಸೆರಗು ಕಟ್ಟಿ ನಿಲ್ಲುತ್ತೇನೆ.

ನಾನು ತಡವರಿಸುವುದನ್ನು ಕಂಡು ಮುದುಕಿ ಕಣ್ಣು ಮುಚ್ಚಿ ತನ್ನದನ್ನು ಒಪ್ಪಿಸಿದಳು. ಪೆರೋಜ್ ದೊರೆಯ 20ನೇ ವರ್ಷದಲ್ಲಿ ತಳಪಾಯ, 15 ವರ್ಷಗಳ ನಂತರ ಪೂರ್ಣ. ಇಲ್ಲಿ ಬಂದು ಅಡ್ಡಬಿದ್ದವರಿಗೆ ದೇವರು ಕರುಣೆ ತೋರಲಿ, ಕಟ್ಟಿಸಿದ ಬಿಷಪ್ ದಾವಿತನಿಗಾಗಿ ಪ್ರಾರ್ಥಿಸುವವರಿಗೂ ತೋರಲಿ. ಪೆರೋಜ್ ಪರ್ಷಿಯಾದ ದೊರೆ, ಅಗ್ನಿಯ ಆರಾಧಕ. ಚರ್ಚ್ ಮುಗಿಯುವ ಹೊತ್ತಿಗೆ ಯುದ್ಧದಲ್ಲಿ ಸತ್ತೂ ಹೋಗಿದ್ದ. ಆದರೂ ಅವನ ಹೆಸರಿನಲ್ಲೇ ಲೆಕ್ಕ. ಇಂದಿನ ಜಾರ್ಜಿಯನ್ ಲಿಪಿಯೇ ಬೇರೆ. ಮುದುಕಿ ಆ ಅಕ್ಷರಗಳನ್ನು ಓದಬಲ್ಲಳೋ ಇಲ್ಲ ಬಾಯಿಪಾಠವೋ ಎಂದು ಕೇಳಬೇಕೆಂದುಕೊಂಡೆ. ಯಾವ ಮುಖ ಇಟ್ಟುಕೊಂಡು ಕೇಳಲಿ?

ಹಿಂದಿರುಗುವಾಗ ವ್ಯಾನಿನಲ್ಲಿ ಹುಡುಗಿ ಮೊಬೈಲಿನಲ್ಲಿ ಹಲ್ಮಿಡಿ ಶಾಸನದ ಪಾಠ ತೆಗೆದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಬೆರಳಿಟ್ಟು ಸಾಲು ಸಾಲಾಗಿ ಹೋದೆವು. ಅಕ್ಷರ ನಮ್ಮದು, ಮಾತು ನಮ್ಮದಲ್ಲ. ಕೊನೆಗೆ ಅವಳೇ ಕೂಗಿದಳು:

"ಚಿಕ್ಕಮ್ಮಾ, ಒಂದು ಪದ ಸಿಕ್ಕಿತು! ಮಹಾಪಾತಕಂ. ದತ್ತಿಯನ್ನು ಅಳಿಸಿದವನಿಗಂತೆ."

ಅವಳು ನಕ್ಕ ಸದ್ದಿಗೆ ಚಾಲಕ ಹಿಂದಿರುಗಿ ನೋಡಿದ.