ತಿಂಗಳುಗಟ್ಟಲೆ ನಿಂತ ಹಾಯಿದೋಣಿ: ಹಗ್ಗ ಬಿಚ್ಚಿದರೆ ಸಾಲದೇ?

ಎರಡು ವಾರಕ್ಕೆಂದು ಬಂದರು ಸೇರಿದ ದೋಣಿ ಬಿಡಿಭಾಗಕ್ಕೋ ವೀಸಾಕ್ಕೋ ಕಾದು ಆರೇಳು ತಿಂಗಳು ನಿಂತುಬಿಡುವುದುಂಟು. ಹೊರಡುವ ಮಾತು ಬಂದಾಗ ಎಲ್ಲರೂ ಕೇಳುವುದು ಇಷ್ಟೇ: "ಬರುವಾಗ ಸರಿಯಾಗೇ ಇತ್ತಲ್ಲ, ಈಗೇನು ತಯಾರಿ?" ಏನಿಲ್ಲವೆಂದರೂ ಒಂದು ವಾರದ ಕೆಲಸವಿದೆ. ಶುರುವಾಗುವುದು ನೀರಿನಡಿಯಿಂದ.

ಬೆಚ್ಚಗಿನ ನೀರಿನಲ್ಲಿ ಕೆಲವೇ ವಾರಗಳಲ್ಲಿ ತಳಕ್ಕೆ ಬಾರ್ನಕಲ್ ಚಿಪ್ಪು ಹತ್ತುತ್ತದೆ. ಅದನ್ನು ತಡೆಯಲು ತಳಕ್ಕೆ ಬಳಿಯುವ ತಾಮ್ರದ ಬಣ್ಣಗಳಲ್ಲಿ ಹಲವು ದೋಣಿ ಓಡಿದಷ್ಟೂ ಸವೆದು ಹೊಸ ಪದರ ತೋರಿಸುವಂಥವು. ನಿಂತ ದೋಣಿಯಲ್ಲಿ ಅವುಗಳ ಆಟ ಅಷ್ಟಕ್ಕಷ್ಟೆ. ಪ್ರೊಪೆಲ್ಲರಿಗೆ ಎಷ್ಟೋ ಸಲ ಆ ಬಣ್ಣವೂ ಇರುವುದಿಲ್ಲ. ಅಲಗಿನ ಮೇಲೆ ಚಿಪ್ಪು ಕೂತರೆ ಎಂಜಿನ್ ಪೂರ್ತಿ ಆರ್‌ಪಿಎಂ ಮುಟ್ಟದು, ಕಪ್ಪು ಹೊಗೆ ಉಗುಳುತ್ತದೆ. ಎಂಜಿನ್ ಕೀಲಿ ತೆಗೆದಿಟ್ಟು ನೀರಿಗಿಳಿದು ಹೆರೆಯಿರಿ. ಪ್ರೊಪೆಲ್ಲರ್ ಶಾಫ್ಟಿಗೆ ಕಟ್ಟಿದ ಸತುವಿನ ತುಂಡು ತಾನು ಕರಗಿ ಉಳಿದ ಲೋಹವನ್ನು ಕಾಯುವಂಥದ್ದು, ಅರ್ಧ ಕರಗಿದ್ದರೆ ಬದಲಿಸಿ. ಎಂಜಿನ್ ತಣಿಸುವ ನೀರು ಒಳಬರುವ ತೂತಿನಲ್ಲೂ ಚಿಪ್ಪು ಬೆಳೆದಿರುತ್ತದೆ, ಅದನ್ನು ಮರೆಯಬೇಡಿ.

ಆ ನೀರೆಳೆಯುವ ಪಂಪಿನೊಳಗೆ ರಬ್ಬರಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರೆಕ್ಕೆಯ ಚಕ್ರ ಇದೆ. ಅದರ ರೆಕ್ಕೆಗಳು ತಿಂಗಳುಗಟ್ಟಲೆ ಬಾಗಿದ ಭಂಗಿಯಲ್ಲೇ ಗಟ್ಟಿಯಾಗಿ, ಸ್ಟಾರ್ಟ್ ಮಾಡಿದಾಗ ಮುರಿಯಬಹುದು. ಹೊಸದು ಹಾಕಿ. ಹಳೆಯದರ ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆಯಿದ್ದರೆ ಆ ಚೂರು ಮುಂದಿನ ಪೈಪಿನಲ್ಲೋ ಎಂಜಿನ್ನಿನ ಬಿಸಿಯನ್ನು ಆ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲೋ ಸಿಕ್ಕಿಕೊಂಡಿರುತ್ತದೆ. ಸಿಗುವ ತನಕ ಹುಡುಕಲೇಬೇಕು.

ನನ್ನ ಮಟ್ಟಿಗೆ ನಿಜವಾದ ಕಳ್ಳ ಡೀಸೆಲ್ ಟ್ಯಾಂಕಿನಲ್ಲಿದ್ದಾನೆ. ಅರ್ಧ ಖಾಲಿ ಟ್ಯಾಂಕಿನ ಗೋಡೆಯಲ್ಲಿ ತೇವ ಹನಿಗಟ್ಟಿ ತಳ ಸೇರುತ್ತದೆ. ನೀರು, ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಾಣುಗಳು ಬೆಳೆದು ಕಂದು ಲೋಳೆ ಕಟ್ಟುತ್ತವೆ. ಬಂದರಿನಲ್ಲಿ ಎಂಜಿನ್ ಗಂಟೆಗಟ್ಟಲೆ ಓಡಿದರೂ ಏನೂ ಗೊತ್ತಾಗದು, ಲೋಳೆ ಅಲ್ಲಾಡದೆ ಮಲಗಿರುತ್ತದೆ. ಬಂದರಿನ ಬಾಯಿ ದಾಟಿ ಮೊದಲ ದೊಡ್ಡ ಅಲೆಗೆ ದೋಣಿ ಹೊಯ್ದಾಡಿದಾಗ ಕದಡಿ ಮೇಲೆದ್ದು ಡೀಸೆಲ್ ಫಿಲ್ಟರನ್ನು ಮುಚ್ಚಿಬಿಡುತ್ತದೆ. ಬಂಡೆಗಳ ಪಕ್ಕದಲ್ಲೇ ಎಂಜಿನ್ ನಿಂತರೆ ಗತಿಯೇನು? ಹಾಗಾಗಿ ಟ್ಯಾಂಕಿನ ತಳದಿಂದ ಒಂದೆರಡು ಲೀಟರ್ ತೆಗೆದು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಡಿ. ನೀರೋ ಲೋಳೆಯೋ ಕಂಡರೆ ಟ್ಯಾಂಕ್ ತೊಳೆಯದೆ ದಾರಿಯಿಲ್ಲ. ನಾಲ್ಕು ಫಿಲ್ಟರ್ ಜೊತೆಗಿರಲಿ. ಬದಲಿಸಿದ ಮೇಲೆ ಡೀಸೆಲ್ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯುವುದನ್ನು ಶಾಂತ ನೀರಿನಲ್ಲೇ ರೂಢಿ ಮಾಡಿಕೊಳ್ಳಿ. ಟ್ಯಾಂಕಿನ ಗಾಳಿ ಕೊಳವೆಗೆ ಕಣಜ ಮಣ್ಣಿನ ಗೂಡು ಕಟ್ಟಿದ್ದರೂ ಡೀಸೆಲ್ ಬರುವುದು ನಿಲ್ಲುತ್ತದೆ.

12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದಾಗ ಸುಮಾರು 12.7 ವೋಲ್ಟ್ ತೋರಿಸಬೇಕು. ಮರುದಿನಕ್ಕೆ ತಾನಾಗೇ 12.2ಕ್ಕೆ ಇಳಿದರೆ ನಂಬಬೇಡಿ. ಹಾಯಿಯಲ್ಲಿ ಬಟ್ಟೆಗಿಂತ ಮೊದಲು ಬಿಸಿಲಿಗೆ ಸಾಯುವುದು ಹೊಲಿಗೆ ದಾರ. ಉಗುರಿನಿಂದ ಕೆರೆದಾಗ ಪುಡಿಯಾದರೆ ಮರುಹೊಲಿಗೆಯೇ ಗತಿ.

ಬಂದರಿನ ನಿರ್ಗಮನ ಪತ್ರಕ್ಕೆ ಓಡುವುದು ಇದೆಲ್ಲ ಆದಮೇಲೆ. ಎಷ್ಟೋ ದೇಶಗಳಲ್ಲಿ ಪತ್ರ ಕೈಗೆ ಬಂದ ಮೇಲೆ ಇಂತಿಷ್ಟು ಗಂಟೆಯೊಳಗೆ ಹೊರಡಬೇಕು, ಆಮೇಲೆ ರಿಪೇರಿಗೆ ಸಮಯವಿರದು. ಅದಕ್ಕೆ ಮುಂಚೆ ಅಲೆಯಿರುವ ದಿನ ನೋಡಿ ಅರ್ಧ ದಿನ ಹೊರಗೆ ಹೋಗಿ ಬನ್ನಿ. ಎಂಜಿನ್ನನ್ನು 20 ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿ, ಎಲ್ಲ ಹಾಯಿ ಏರಿಸಿ ಇಳಿಸಿ. ಯಾರಿಗೆ ವಾಂತಿ ಬರುತ್ತದೆಂಬುದೂ ತಿಳಿಯುತ್ತದೆ. ದಡದಲ್ಲಿ ತಿಂಗಳುಗಟ್ಟಲೆ ಇದ್ದರೆ ಹಳೇ ನಾವಿಕರಿಗೂ ಹೊಟ್ಟೆ ತೊಳಸುತ್ತದೆ. ವಾಪಸಾದ ಕೂಡಲೇ ಡೀಸೆಲ್ ಫಿಲ್ಟರಿನ ಅಡಿಯ ಗಾಜಿನ ಬಟ್ಟಲು ನೋಡಿ. ಕಂದು ಬಣ್ಣ ಕಂಡರೆ ನಿರ್ಗಮನ ಪತ್ರಕ್ಕೆ ಇನ್ನೂ ಅರ್ಜಿ ಹಾಕಬೇಡಿ.